ಯಂತ್ರದೊಳಗಣ ಇರುಳು

ಸಂಕ್ರಾಂತಿಯ ರಜದಲ್ಲಿ ಬೆಂಗಳೂರಿನ ಅಕ್ಕನ ಮನೆಗೆ ಹೋಗಿದ್ದೆ. ರಾತ್ರಿಯ ಊಟವಾದ ಮೇಲೆ ಅವಳ ಮಗ ನನ್ನನ್ನು ತನ್ನ ಕೋಣೆಗೆ ಕರೆದೊಯ್ದು ಕಂಪ್ಯೂಟರಿನ ಮುಂದೆ ಕೂರಿಸಿದ. “ಮಾಮ, ಹತ್ತು ನಿಮಿಷ ಕೂತ್ಕೊಳ್ಳಿ, ನಿಮ್ಮನ್ನ ಮಧುರೆ ಕಡೆಗೆ ಹಾರಿಸಿಕೊಂಡು ಹೋಗ್ತೀನಿ” ಎಂದ. ಹುಡುಗ ಎಂಜಿನಿಯರಿಂಗ್ ಓದುತ್ತಾನೆ. ಫ್ಲೈಟ್ ಸಿಮ್ಯುಲೇಟರ್ ಎಂಬ ಸಾಫ್ಟ್‌ವೇರಿನ ಹುಚ್ಚು ಅವನಿಗೆ ಹಿಡಿದು ಎರಡು ವರ್ಷವಾಯಿತಂತೆ. ಕೋಣೆಯ ದೀಪವನ್ನು ಆರಿಸಿದ. ಪರದೆಯ ಮೇಲೆ ವಿಮಾನದ ಮುಂಗಾಜು, ಅದರ ಆಚೆಗೆ ರನ್‌ವೇಯ ದೀಪಗಳ ಎರಡು ಸಾಲು. ಸ್ವಲ್ಪ ಹೊತ್ತಿನಲ್ಲಿ ದೀಪಗಳು ಕೆಳಗಿಳಿದುವು, ಊರು ಹಿಂದೆ ಸರಿಯಿತು, ವಿಮಾನ ತೆಂಕಣಕ್ಕೆ ಮುಖ ತಿರುಗಿಸಿತು. ಅವನು ಎತ್ತರ, ವೇಗ, ಎಣ್ಣೆ ಎಂದು ಒಂದೊಂದೇ ಮುಳ್ಳನ್ನು ತೋರಿಸಿ ವಿವರಿಸುತ್ತಿದ್ದ. ನಾನು ನೋಡುತ್ತಿದ್ದುದು ಬೇರೆ. ಮುಂಗಾಜಿನಲ್ಲಿ, ದಿಗಂತದಿಂದ ಒಂದಿಷ್ಟು ಮೇಲೆ, ಒಂದೇ ಒಂದು ದೊಡ್ಡ ಚುಕ್ಕಿ ಬೆಳಗುತ್ತಿತ್ತು. “ನೋಟವನ್ನು ಸ್ವಲ್ಪ ಮೇಲಕ್ಕೆತ್ತಪ್ಪ” ಎಂದೆ. ಎತ್ತಿದ. ಲುಬ್ಧಕ ಅಲ್ಲಿದ್ದಿತು. ಹಾಗಾದರೆ ಕೆಳಗಿನದು ಅಗಸ್ತ್ಯನೇ, ಸಂದೇಹವಿಲ್ಲ. ಸಂಕ್ರಾಂತಿಯ ದಿನಗಳಲ್ಲಿ ರಾತ್ರಿ ಹತ್ತೂವರೆಯ ಹೊತ್ತಿಗೆ ಬೆಂಗಳೂರಿನಿಂದ ಅಗಸ್ತ್ಯ ಎಲ್ಲಿ ಕಾಣಬೇಕೋ ಅಲ್ಲಿಯೇ, ದಕ್ಷಿಣ ದಿಗಂತದಿಂದ ಸುಮಾರು ೨೪ ಅಂಶ ಎತ್ತರದಲ್ಲಿ, ಕಂಡಿತು.

ನನಗೆ ಆಶ್ಚರ್ಯವಾಯಿತು. ಆಟದ ಸಾಮಾನಿನಲ್ಲಿ ಚುಕ್ಕಿಗಳನ್ನು ಎಲ್ಲಿ ಬೇಕೆಂದರಲ್ಲಿ ಚೆಲ್ಲಬಹುದಾಗಿತ್ತು. ನಾಟಕದ ಪರದೆಯ ಮೇಲೆ ಬಣ್ಣದವನು ಚೆಲ್ಲುವುದಿಲ್ಲವೆ? ಇದನ್ನು ಇಲ್ಲಿ ಇಷ್ಟು ಸರಿಯಾಗಿ ಇಡಬೇಕೆಂದು ಯಾರಿಗೆ ತೋರಿತು? ಹುಡುಗನನ್ನು ಕೇಳಿದರೆ “ಡೇಟಾ ಇರುತ್ತೆ ಮಾಮ” ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಆ ಒಂದು ಮಾತಿನ ಹಿಂದೆ ಎಂಬತ್ತು ವರ್ಷಕ್ಕೂ ಮೀರಿದ ಕತೆಯಿದೆ. ಅದರಲ್ಲಿ ಹಾರ್ಮೋನಿಯಮ್ಮಿನ ತಿದಿಯಿದೆ, ಕ್ಷೌರದ ಕುರ್ಚಿಯಿದೆ, ಸತ್ತವರ ಹೆಸರುಗಳಿವೆ.

ತಿದಿಯಿಂದಲೇ ತೊಡಗೋಣ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಲಿಂಕ್ ಎಂಬುವರ ಮನೆತನಕ್ಕೆ ಪಿಯಾನೊ ಮತ್ತು ಆರ್ಗನ್ ವಾದ್ಯಗಳನ್ನು ಮಾಡುವ ಕಾರ್ಖಾನೆಯಿದ್ದಿತು. ೧೯೦೪ರಲ್ಲಿ ಹುಟ್ಟಿದ ಎಡ್ವಿನ್ ಲಿಂಕ್ ಅಲ್ಲಿ ಕೆಲಸ ಕಲಿತವನು. ಅವನಿಗೆ ವಿಮಾನ ಹಾರಿಸುವ ಆಸೆ. ಆದರೆ ಅದನ್ನು ಕಲಿಯುವುದಕ್ಕೆ ತಗಲುವ ಹಣ ಬಹಳ. ನೆಲದ ಮೇಲೆಯೇ ಕುಳಿತು ಕಲಿಯುವಂತಾದರೆ ಹೇಗೆ ಎಂದು ಯೋಚಿಸಿ, ಆರ್ಗನ್ನಿನ ತಿದಿಗಳನ್ನೂ ಗಾಳಿಯ ಬೀಗಗಳನ್ನೂ ಒಂದು ಪುಟ್ಟ ಮರದ ವಿಮಾನದ ಅಡಿಗೆ ಜೋಡಿಸಿದ. ಕಡ್ಡಿ ಎಳೆದರೆ ತಿದಿ ಉಬ್ಬಿ ಮೂತಿ ಮೇಲೇಳುತ್ತದೆ, ತಳ್ಳಿದರೆ ತಗ್ಗುತ್ತದೆ. ೧೯೨೯ರ ಹೊತ್ತಿಗೆ ಯಂತ್ರ ಸಿದ್ಧವಾಯಿತು. ಕೊಂಡವರು ಹೆಚ್ಚಾಗಿ ಜಾತ್ರೆಯ ಮೈದಾನದವರು. ಕಾಸು ಹಾಕಿ ಮಕ್ಕಳು ಕೂರುತ್ತಿದ್ದರು. ಹಾಡು ನುಡಿಸಬೇಕಾದ ಗಾಳಿ ಹಾರಾಟ ಕಲಿಸಲು ಹೊರಟದ್ದನ್ನು ಸೈನ್ಯದವರು ಗಂಭೀರವಾಗಿ ಎಣಿಸಲಿಲ್ಲ.

ಅವರ ಕಣ್ಣು ತೆರೆಯಿಸಿದ್ದು ಸಾವು. ೧೯೩೪ರಲ್ಲಿ ಅಮೆರಿಕದ ಸರಕಾರ ಖಾಸಗಿ ಕಂಪೆನಿಗಳ ಗುತ್ತಿಗೆಯನ್ನು ರದ್ದು ಮಾಡಿ, ಅಂಚೆ ಸಾಗಿಸುವ ಕೆಲಸವನ್ನು ಸೈನ್ಯದ ವಿಮಾನದಳಕ್ಕೆ ಒಪ್ಪಿಸಿತು. ಚಳಿಗಾಲ, ಮಂಜು, ಕತ್ತಲು, ಹಿಮ. ಕಣ್ಣಿಗೆ ಕಾಣುವ ನೆಲವನ್ನು ನಂಬಿ ಹಾರುವುದನ್ನು ಮಾತ್ರ ಕಲಿತಿದ್ದ ತರುಣರು ಕೆಲವೇ ವಾರಗಳಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಆಗ ಸೈನ್ಯ ಲಿಂಕನ ಯಂತ್ರಗಳನ್ನು ಆರು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ನೀಲಿ ಪೆಟ್ಟಿಗೆಯಲ್ಲಿ ಕುಳಿತು ಕಲಿತವರ ಸಂಖ್ಯೆ ಲಕ್ಷಗಳನ್ನು ಮುಟ್ಟಿದ್ದಿತು.

ಇಲ್ಲಿ ಒಂದನ್ನು ಗಮನಿಸಬೇಕು. ಆ ಪೆಟ್ಟಿಗೆಗೆ ಮುಚ್ಚಳವಿತ್ತು. ಒಳಗೆ ಕುಳಿತವನಿಗೆ ಆಕಾಶವೂ ಇಲ್ಲ, ನೆಲವೂ ಇಲ್ಲ; ಎದುರಿಗಿದ್ದ ಮುಳ್ಳುಗಳೇ ಲೋಕ. ಕಣ್ಣನ್ನು ನಂಬಬೇಡ, ಮುಳ್ಳನ್ನು ನಂಬು ಎಂಬುದೇ ಅದರ ಪಾಠ. ಹೀಗೆ ಆಕಾಶವನ್ನು ಮುಚ್ಚಿ ಹೆಸರಾದ ಮನುಷ್ಯನೇ ಹತ್ತು ವರ್ಷ ಕಳೆಯುವುದರೊಳಗೆ ಆಕಾಶವನ್ನು ಕಟ್ಟಲು ಕುಳಿತ.

ಕಾರಣ ಯುದ್ಧ. ರಾತ್ರಿಯಲ್ಲಿ, ಶತ್ರುವಿನ ನಾಡಿನ ಮೇಲೆ, ದೀಪಗಳೆಲ್ಲ ಆರಿದ ಊರುಗಳ ಮೇಲೆ ಹಾರುವ ವಿಮಾನಕ್ಕೆ ತಾನೆಲ್ಲಿದ್ದೇನೆಂದು ತಿಳಿಯುವುದು ಹೇಗೆ? ಹಡಗಿನವರ ಹಳೆಯ ಉಪಾಯವೇ ಗತಿ: ಸೆಕ್ಸ್ಟೆಂಟ್ ಹಿಡಿದು ನಕ್ಷತ್ರದ ಎತ್ತರವನ್ನು ಅಳೆಯಬೇಕು, ಗಡಿಯಾರ ನೋಡಬೇಕು, ಕೋಷ್ಟಕ ತೆರೆದು ಲೆಕ್ಕ ಮಾಡಬೇಕು. ಗಾಳಿಯಲ್ಲಿ ದಿಗಂತ ಸರಿಯಾಗಿ ಕಾಣದಾದ್ದರಿಂದ ದಿಗಂತವಿಲ್ಲದೆ ಅಳೆಯುವ ಸೆಕ್ಸ್ಟೆಂಟ್ ಬೇಕಾಯಿತು. ಪೋರ್ಚುಗಲ್ಲಿನ ಗಾಗೊ ಕುಟಿನ್ಯು ಎಂಬಾತ ೧೯೨೨ರಲ್ಲಿ ಲಿಸ್ಬನ್ನಿನಿಂದ ಬ್ರೆಜಿಲಿಗೆ ಹಾರಿದಾಗ ಅಂತಹದೊಂದನ್ನು ಬಳಸಿ ಸಾಗರದ ನಡುವಿನ ಸಣ್ಣ ಬಂಡೆಗಳನ್ನು ಹುಡುಕಿ ತೆಗೆದಿದ್ದ. ಅಮೆರಿಕದ ನೌಕಾದಳದಲ್ಲಿದ್ದ ವೀಮ್ಸ್ ಈ ವಿದ್ಯೆಯ ದೊಡ್ಡ ಮೇಷ್ಟ್ರು. ೧೯೨೭ರಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟಿ ಜಗತ್ಪ್ರಸಿದ್ಧನಾದ ಲಿಂಡ್‌ಬರ್ಗ್, ಮರುವರ್ಷ ಇದೇ ವೀಮ್ಸ್ ಎದುರು ಶಿಷ್ಯನಾಗಿ ಕುಳಿತು ನಕ್ಷತ್ರ ನೋಡಿ ದಾರಿ ಕಾಣುವುದನ್ನು ಕಲಿತ.

ಈ ಲೆಕ್ಕದಲ್ಲಿ ತಪ್ಪಿಗೆ ಎಡೆ ಬಹಳ ಕಡಮೆ. ನಕ್ಷತ್ರದ ಎತ್ತರವನ್ನು ಒಂದು ಅಂಶದ ಅರವತ್ತನೆಯ ಒಂದು ಪಾಲಿನಷ್ಟು ತಪ್ಪಾಗಿ ಅಳೆದರೆ ನೆಲದ ಮೇಲೆ ಒಂದು ನಾಟಿಕಲ್ ಮೈಲಿ, ಎಂದರೆ ಸುಮಾರು ೧.೮೫ ಕಿಲೋಮೀಟರ್, ತಪ್ಪಿದಂತೆ. ಭೂಮಧ್ಯರೇಖೆಯ ಬಳಿ ಗಡಿಯಾರ ನಾಲ್ಕೇ ಸೆಕೆಂಡು ತಪ್ಪಿದರೂ ಅಷ್ಟೇ ದೂರ ಹೋಗುತ್ತದೆ. ಇದನ್ನು ತರುಣರಿಗೆ ನಿಜವಾದ ಆಕಾಶದಲ್ಲಿಯೇ ಕಲಿಸೋಣವೆಂದರೆ ಇಂಗ್ಲೆಂಡಿನ ಮೋಡ ಬಿಡಬೇಕಲ್ಲ! ಬ್ರಿಟಿಷರಿಗಿದ್ದ ಅಗತ್ಯ ಎಷ್ಟೆಂಬುದು ೧೯೪೧ರ ಆಗಸ್ಟಿನಲ್ಲಿ ಬಟ್ ಎಂಬ ಅಧಿಕಾರಿ ಒಪ್ಪಿಸಿದ ವರದಿಯಿಂದ ಬಯಲಾಯಿತು. ಬಾಂಬು ಹಾಕಿದಾಗ ತೆಗೆದ ಛಾಯಾಚಿತ್ರಗಳನ್ನು ಪರೀಕ್ಷಿಸಿದಾಗ, ಗುರಿಯನ್ನು ಹೊಡೆದೆವೆಂದು ಹೇಳಿಕೊಂಡ ವಿಮಾನಗಳಲ್ಲಿಯೂ ಮೂರರಲ್ಲೊಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಹೋಗಿದ್ದಿತು. ಉಳಿದವು ಎಲ್ಲಿಯೋ ಕತ್ತಲಲ್ಲಿ, ಯಾರ ಹೊಲದ ಮೇಲೋ ಬಾಂಬು ಸುರಿದು ಬಂದಿದ್ದುವು.

ಲಿಂಕ್ ಮತ್ತು ವೀಮ್ಸ್ ಕೂಡಿ ೧೯೩೯ರಿಂದ ರೂಪಿಸುತ್ತಿದ್ದ ಹೊಸ ಯಂತ್ರದ ಮೊದಲ ಪ್ರತಿ ಸಿದ್ಧವಾದದ್ದೂ ಆ ೧೯೪೧ರಲ್ಲಿಯೇ. ಹಗೇವನ್ನು ನೆಲದ ಮೇಲೆ ಎತ್ತಿ ನಿಲ್ಲಿಸಿದಂತಹ ದುಂಡನೆಯ ಕಟ್ಟಡ. ಎತ್ತರ ೪೫ ಅಡಿ. ಒಳಗೆ ಹಳೆಯ ನೀಲಿ ಪೆಟ್ಟಿಗೆಯ ದೊಡ್ಡಣ್ಣನಂತಹ ವಿಮಾನ. ಅದರಲ್ಲಿ ವಿಮಾನ ನಡೆಸುವವನಿಗೆ, ಬಾಂಬು ಹಾಕುವವನಿಗೆ, ದಾರಿ ನೋಡುವ ನ್ಯಾವಿಗೇಟರನಿಗೆ ಬೇರೆ ಬೇರೆ ಸ್ಥಳ. ಅವರ ತಲೆಯ ಮೇಲೆ ಗುಮ್ಮಟ. ಗುಮ್ಮಟಕ್ಕೆ ನಕ್ಷತ್ರಗಳನ್ನು ಹಚ್ಚಿತ್ತು. ಹಚ್ಚಿ ಬಿಟ್ಟದ್ದಲ್ಲ, ಕಾಲ ಸರಿದಂತೆ ಗುಮ್ಮಟ ಮೆಲ್ಲನೆ ತಿರುಗಬೇಕು, ಅಲ್ಲಾಡದೆ ನಿಂತಲ್ಲೇ ನಿಂತಿರುವ ವಿಮಾನ ಉತ್ತರಕ್ಕೆ “ಹಾರಿದರೆ” ಧ್ರುವ ಮೇಲೇರಬೇಕು, ಪೂರ್ವಕ್ಕೆ “ಹಾರಿದರೆ” ನಕ್ಷತ್ರಗಳು ಬೇಗ ಹುಟ್ಟಬೇಕು. ಇಷ್ಟನ್ನೂ ಗುಮ್ಮಟ ಮಾಡುತ್ತಿತ್ತು. ಮೂವರು ಹುಡುಗರು ಮರದ ಪೆಟ್ಟಿಗೆಯಲ್ಲಿ ಕುಳಿತು, ಒಂದು ಅಂಗುಲವೂ ಮುಂದೆ ಸರಿಯದೆ, ನಕ್ಷತ್ರ ನೋಡಿ ದಾರಿ ಹುಡುಕಿ, ಇರುಳೆಲ್ಲ ಹಾರಿ ಬರುವರು.

ಇವರು ಎದುರಿಸಿದ ಒಂದು ತೊಡಕನ್ನು ಹೇಳದೆ ಮುಂದೆ ಹೋಗಲಾರೆ. ನಿಜವಾದ ನಕ್ಷತ್ರ ಎಷ್ಟು ದೂರವೆಂದರೆ, ನೀವು ತಲೆಯನ್ನು ಅತ್ತ ಇತ್ತ ಸರಿಸಿದರೂ ಅದಿರುವ ದಿಕ್ಕು ಬದಲಾಗುವುದಿಲ್ಲ. ಚಿಕ್ಕ ಮಕ್ಕಳು ಚಂದ್ರ ತಮ್ಮ ಜೊತೆಯಲ್ಲೇ ನಡೆದು ಬರುತ್ತಾನೆಂದು ಹೇಳುವುದು ಇದರಿಂದಲೇ. ಆದರೆ ಗುಮ್ಮಟಕ್ಕೆ ಹಚ್ಚಿದ ದೀಪ ಕೈಯಳತೆಗೆ ತುಸು ಆಚೆ ಇದೆ. ಅದು ಹತ್ತು ಅಡಿ ದೂರದಲ್ಲಿದೆ ಎಂದಿಟ್ಟುಕೊಳ್ಳಿ. ನ್ಯಾವಿಗೇಟರ್ ತಲೆಯನ್ನು ಒಂದೇ ಅಂಗುಲ ಸರಿಸಿದರೆ ದೀಪದ ದಿಕ್ಕು ಸುಮಾರು ಅರ್ಧ ಅಂಶ ಬದಲಾಗುತ್ತದೆ. ಮೇಲಿನ ಲೆಕ್ಕದಂತೆ ವಿಮಾನ ಕುಳಿತಲ್ಲಿಯೇ ಇಪ್ಪತ್ತೆಂಟು ಇಪ್ಪತ್ತೊಂಬತ್ತು ನಾಟಿಕಲ್ ಮೈಲಿ ಹಾರಿಬಿಟ್ಟಂತಾಯಿತು! ಕೆಮ್ಮಿದರೆ ಒಂದು ತಾಲ್ಲೂಕು ದಾಟಿದ ಹಾಗೆ. ಅದಕ್ಕಾಗಿ ಹನ್ನೆರಡು ನಕ್ಷತ್ರಗಳಿಗೆ ಮಾತ್ರ ವಿಶೇಷ ಉಪಚಾರ ಮಾಡಿದರು. ಅವುಗಳ ಬೆಳಕನ್ನು ಮಸೂರದ ಮೂಲಕ ಹಾಯಿಸಿ, ಕಿರಣಗಳು ಬಹುದೂರದಿಂದ ಬಂದುವೋ ಎಂಬಂತೆ ಒಂದಕ್ಕೊಂದು ಸಮಾಂತರವಾಗಿರುವಂತೆ ಮಾಡಿದರು. ಅಳೆಯುವುದಕ್ಕೆ ಆ ಹನ್ನೆರಡು. ಮಿಕ್ಕವು ಆ ಹನ್ನೆರಡನ್ನು ಗುರುತಿಸುವುದಕ್ಕೆ ನೆರವಾಗುವ ನೆರೆಹೊರೆ. ಇಡೀ ಆಕಾಶದಲ್ಲಿ ಹನ್ನೆರಡು ಸತ್ಯ, ಉಳಿದದ್ದು ಅವುಗಳ ಸಂಸಾರ ಎಂದು ವಿಭಾಗಿಸಿದ ಆ ಜಾಣತನ ನನಗೆ ಬಹಳ ಮೆಚ್ಚಿಗೆಯಾಯಿತು.

ಬ್ರಿಟಿಷರು ಇಂತಹ ಅರವತ್ತು ಗುಮ್ಮಟಗಳಿಗೆ ಹೇಳಿಕೆ ಕೊಟ್ಟರು. ಅಲ್ಲಿ ಎದ್ದು ನಿಂತದ್ದು ಕೆಲವೇ. ನೂರುಗಟ್ಟಲೆ ನಿಂತದ್ದು ಅಮೆರಿಕದಲ್ಲಿ. ೧೯೪೨ರ ಮಾರ್ಚಿನಿಂದ ಬ್ರಿಟಿಷ್ ವಿಮಾನಗಳಿಗೆ ರೇಡಿಯೋ ಅಲೆಗಳಿಂದ ದಾರಿ ತೋರಿಸುವ ಸಾಧನ ದೊರೆಯಿತು. ನಕ್ಷತ್ರದ ಹಂಗು ಅಷ್ಟಷ್ಟೇ ಕಡಮೆಯಾಗುತ್ತ ಬಂದಿತು. ಈ ಗುಮ್ಮಟಗಳಲ್ಲಿ ಕಲಿತವರು ಮುಂದೆ ಯಾವ ಊರುಗಳನ್ನು ಸುಟ್ಟರೆಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ. ಸ್ವಾತಿ, ಚಿತ್ತಾ, ಅಭಿಜಿತ್ ಎಂದು ನಾವು ಪಂಚಾಂಗದಲ್ಲಿ ಓದುವ ಬೆಳಕುಗಳೇ ಅವರಿಗೆ ದಾರಿದೀಪ. ನಕ್ಷತ್ರಗಳನ್ನು ದೂರಿ ಫಲವಿಲ್ಲ. ಆದರೂ ಇಷ್ಟು ನಿಷ್ಠೆಯಿಂದ ಕಟ್ಟಿದ ಮೊದಲ ಆಕಾಶ ಬಾಂಬಿಗಾಗಿ ಕಟ್ಟಿದ್ದು ಎಂಬುದನ್ನು ಮುಚ್ಚಿಡುವುದೂ ಸರಿಯಲ್ಲ.

“ಮೊದಲ” ಎಂದೆನಲ್ಲ, ಅದಕ್ಕೊಂದು ತಿದ್ದುಪಡಿ ಬೇಕು. ಹಾರಾಟಕ್ಕಲ್ಲದೆ ಬರಿಯ ನೋಟಕ್ಕಾಗಿ ಕಟ್ಟಿದ ಆಕಾಶ ಅದಕ್ಕೆ ಮುಂಚೆಯೇ ಇದ್ದಿತು. ಜರ್ಮನಿಯ ಸೈಸ್ ಕಂಪೆನಿಯ ಬಾವರ್ಸ್‌ಫೆಲ್ಡ್ ಎಂಬ ಎಂಜಿನಿಯರ್ ಕಟ್ಟಿದ ತಾರಾಲಯದ ಯಂತ್ರವನ್ನು ೧೯೨೩ರ ಅಕ್ಟೋಬರಿನಲ್ಲಿ ಮ್ಯೂನಿಕ್ಕಿನಲ್ಲಿ ತೋರಿಸಿದರು. ತೆಳು ಲೋಹದ ಹಾಳೆಯಲ್ಲಿ ಸಣ್ಣ ದೊಡ್ಡ ತೂತುಗಳು, ಒಳಗೆ ದೀಪ. ಗುಮ್ಮಟದ ಮೇಲೆ ೪,೫೦೦ ನಕ್ಷತ್ರ. ಆದರೆ ಆ ಮೊದಲ ಯಂತ್ರಕ್ಕೆ ಮ್ಯೂನಿಕ್ಕಿನ ಆಕಾಶ ಬಿಟ್ಟು ಬೇರೆ ತಿಳಿಯದು. ಆ ಊರಿಗೆ ಅಗಸ್ತ್ಯ ಎಂದೂ ಉದಯಿಸುವುದಿಲ್ಲ. ವಿಂಧ್ಯವನ್ನು ದಾಟಿ ತೆಂಕಣಕ್ಕೆ ಬಂದ ಋಷಿ ಹಿಂತಿರುಗಲಿಲ್ಲವೆಂಬ ನಮ್ಮ ಕತೆಯನ್ನು ಜರ್ಮನರ ಯಂತ್ರ ತಿಳಿಯದೆಯೇ ನಂಬಿಕೊಂಡಿದ್ದಿತು. ಎರಡನೆಯ ಮಾದರಿಯಲ್ಲಿ ಭೂಮಿಯ ಎರಡು ಅರ್ಧಗಳ ಆಕಾಶವೂ ಬಂದಿತು. ಆ ಮಾದರಿಯದೊಂದು ೧೯೪೯ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ಊರಿನ ಮೋರ್‌ಹೆಡ್ ತಾರಾಲಯಕ್ಕೆ ಹೋಯಿತು. ನಮ್ಮ ಕತೆ ಅಲ್ಲಿ ಮತ್ತೆ ಹಾರಾಟವನ್ನು ಸೇರುತ್ತದೆ.

ಆಕಾಶಯಾನ ತೊಡಗಿದಾಗ, ವಿಮಾನಕ್ಕೆ ಬೇಡವಾಗತೊಡಗಿದ್ದ ನಕ್ಷತ್ರಗಳು ಮತ್ತೆ ಬೇಕಾದುವು. ಚಂದ್ರನ ದಾರಿಯಲ್ಲಿ ಮೈಲಿಗಲ್ಲಿಲ್ಲ. ಮೋರ್‌ಹೆಡ್ಡಿಗೆ ಬಂದು ಆಕಾಶ ಕಲಿತ ಗಗನಯಾತ್ರಿಗಳು ೧೯೭೫ರ ವರೆಗೆ ೬೨ ಮಂದಿ. ಅಲ್ಲಿನ ನಿರ್ದೇಶಕ ಜೆಂಜಾನೊ ಮತ್ತು ಅವನ ಕೆಲಸಗಾರರು ಪ್ಲೈವುಡ್ಡು, ರಟ್ಟುಗಳಿಂದ ಆಕಾಶನೌಕೆಯ ಕಿಟಕಿಗಳನ್ನು ಮಾಡಿದರು. ಒಂದು ಸಾಧನಕ್ಕೆ ಹಳೆಯ ಲಿಂಕ್ ಯಂತ್ರವೇ ತಳಹದಿಯಾಯಿತು. ಒರಗಿಸಿ ತಿರುಗಿಸಲು ಬರುತ್ತದೆಂದು ಕ್ಷೌರದ ಅಂಗಡಿಯ ಕುರ್ಚಿಗಳನ್ನೂ ತಂದು ಹಾಕಿದರು. ಚಂದ್ರನಿಗೆ ಹೋಗುವವರು ಕ್ಷೌರದ ಕುರ್ಚಿಯಲ್ಲಿ ಒರಗಿ ನಕ್ಷತ್ರಗಳ ಹೆಸರು ಒಪ್ಪಿಸುತ್ತಿದ್ದರೆಂದು ನನ್ನ ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ನಗಲಿ. ಆದರೆ ೧೯೬೩ರ ಮೇ ತಿಂಗಳಲ್ಲಿ ಗಾರ್ಡನ್ ಕೂಪರ್ ಒಬ್ಬನೇ ಭೂಮಿಯನ್ನು ೨೨ ಬಾರಿ ಸುತ್ತಿದಾಗ, ಕೊನೆಯ ಸುತ್ತುಗಳಲ್ಲಿ ಸ್ವಯಂಚಾಲಿತ ಸಾಧನಗಳು ಕೈಕೊಟ್ಟುವು. ಅವನು ಕಿಟಕಿಯ ಗಾಜಿನ ಮೇಲೆ ಗೆರೆ ಎಳೆದುಕೊಂಡು, ಕಲಿತಿದ್ದ ನಕ್ಷತ್ರಗಳೊಡನೆ ಅದನ್ನು ಹೊಂದಿಸಿ, ಕೈಗಡಿಯಾರ ನೋಡಿಕೊಂಡು ನೌಕೆಯನ್ನು ತಿರುಗಿಸಿ ಇಳಿಸಿದ. ಕಾಯುತ್ತಿದ್ದ ಹಡಗಿನಿಂದ ನಾಲ್ಕು ಮೈಲಿಯ ಆಸುಪಾಸಿನಲ್ಲಿ ಬಿದ್ದ.

ಅಪೊಲೊ ನೌಕೆಯ ಸಿಮ್ಯುಲೇಟರನ್ನು ಕಟ್ಟಿದ್ದು ಲಿಂಕನ ಹೆಸರು ಹೊತ್ತ ಅದೇ ಸಂಸ್ಥೆ. ಅದರ ಕಿಟಕಿಗಳ ಆಚೆ ನಕ್ಷತ್ರ ತೋರಿಸುವುದಕ್ಕೆ ಒಂದು ದೊಡ್ಡ ಚೆಂಡು. ಚೆಂಡಿನ ಮೈಯಲ್ಲಿ ಸಾವಿರದ ಹತ್ತಿರ ಹತ್ತಿರ ಉಕ್ಕಿನ ಬೇರಿಂಗ್ ಗುಂಡುಗಳು. ಮೇಲೆ ಬೆಳಕು ಬಿಟ್ಟರೆ ಒಂದೊಂದು ಗುಂಡೂ ಒಂದೊಂದು ನಕ್ಷತ್ರವಾಗಿ ಮಿಂಚುತ್ತಿತ್ತು. ಹೆಚ್ಚು ಬೆಳಗುವ ನಕ್ಷತ್ರಕ್ಕೆ ದೊಡ್ಡ ಗುಂಡು, ಮಂಕಾದುದಕ್ಕೆ ಚಿಕ್ಕದು. ಸೈಸ್ ಕಂಪೆನಿಯವರ ತೂತುಗಳಲ್ಲಿಯೂ ಇದೇ ಉಪಾಯ. ನಿಜವಾದ ಆಕಾಶದಲ್ಲಿ ನಕ್ಷತ್ರಗಳಿಗೆ ಗಾತ್ರವೇ ಇಲ್ಲ, ಎಲ್ಲವೂ ಬಿಂದುಗಳೇ. ಕಣ್ಣು ಮಾತ್ರ ಹೊಳಪನ್ನು ಗಾತ್ರವೆಂದು ಓದಿಕೊಳ್ಳುತ್ತದೆ. ಸುಳ್ಳಾದ ಗಾತ್ರದಿಂದ ನಿಜವಾದ ಹೊಳಪನ್ನು ಹೇಳುವುದು ಈ ಕಲೆಯ ಗುಟ್ಟು. ಕಂಪ್ಯೂಟರಿನವರೂ ಇದನ್ನು ಬಿಡಲಿಲ್ಲ. ಲುಬ್ಧಕಕ್ಕೂ ಕಣ್ಣಿಗೆ ಕಷ್ಟಪಟ್ಟು ಕಾಣುವ ಆರನೆಯ ದರ್ಜೆಯ ನಕ್ಷತ್ರಕ್ಕೂ ಹೊಳಪಿನಲ್ಲಿ ಸುಮಾರು ಸಾವಿರದಷ್ಟು ಅಂತರ. ಸಾಮಾನ್ಯ ಪರದೆಗೆ ತಿಳಿದ ಬೆಳಕಿನ ಮೆಟ್ಟಿಲುಗಳು ೨೫೬. ಆದ್ದರಿಂದ ಅಲ್ಲಿಯೂ ದೊಡ್ಡವರಿಗೆ ದೊಡ್ಡ ಚುಕ್ಕಿ.

ಅಪೊಲೊ ಯಾತ್ರಿಗಳು ಕಂಪ್ಯೂಟರಿಗೆ ತೋರಿಸಬೇಕಾಗಿದ್ದ ನಕ್ಷತ್ರಗಳ ಪಟ್ಟಿಯಲ್ಲಿ ೩೭ ಹೆಸರು. ಅಗಸ್ತ್ಯನಿದ್ದಾನೆ, ಲುಬ್ಧಕನಿದ್ದಾನೆ. ಅವರ ನಡುವೆ ನವಿ, ನೋಸೆಸ್, ರೆಗೊರ್ ಎಂಬ ಮೂರು ಹೆಸರುಗಳಿವೆ. ಪ್ರಾಚೀನ ಅರಬ್ಬರ ಹೆಸರುಗಳಂತೆ ಕೇಳಿಸುತ್ತವೆ, ಅಲ್ಲ. ಗಸ್ ಗ್ರಿಸಮ್ ಎಂಬ ಯಾತ್ರಿ ತಮಾಷೆಗೆಂದು, ತನ್ನ ನಡುಹೆಸರಾದ ಐವನ್, ಗೆಳೆಯ ಎರಡನೆಯ ಎಡ್ವರ್ಡ್ ವೈಟನ ‘ಸೆಕೆಂಡ್’, ಮತ್ತೊಬ್ಬ ಗೆಳೆಯನ ರೋಜರ್, ಇವುಗಳ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಪಟ್ಟಿಯೊಳಕ್ಕೆ ಸೇರಿಸಿಬಿಟ್ಟ. ೧೯೬೭ರ ಜನವರಿ ೨೭ರಂದು, ನೆಲದ ಮೇಲೆಯೇ ಪರೀಕ್ಷೆ ನಡೆಯುತ್ತಿದ್ದಾಗ ಬೆಂಕಿ ಹೊತ್ತಿ ಮೂವರೂ ಸತ್ತರು. ಹೆಸರುಗಳನ್ನು ಯಾರೂ ತೆಗೆಯಲಿಲ್ಲ. ಚಂದ್ರನಿಗೆ ಹೋದವರು ಆ ಹೆಸರುಗಳಿಂದಲೇ ನಕ್ಷತ್ರಗಳನ್ನು ಕರೆದರು. ಇವುಗಳಲ್ಲಿ ಎರಡನೆಯದು ನಮ್ಮ ಸಪ್ತರ್ಷಿಗಳ ಬಳಿಯ ಒಂದು ಮಂಕು ಚುಕ್ಕಿ.

ಕಟ್ಟಿದ ಆಕಾಶ ಎಷ್ಟು ಸರಿಯಾಗಿದ್ದರೂ ನಿಜವಾದ ಆಕಾಶ ಒಮ್ಮೊಮ್ಮೆ ಅದಕ್ಕಿಂತ ಕೆಡುಕಾಗಿ ವರ್ತಿಸುತ್ತದೆ. ೧೯೭೦ರ ಏಪ್ರಿಲಿನಲ್ಲಿ ಅಪೊಲೊ ೧೩ರ ಟ್ಯಾಂಕು ಸಿಡಿದಾಗ ನೌಕೆಯ ಸುತ್ತ ಚೂರುಗಳ ಮೋಡವೇ ಎದ್ದಿತು. ಒಂದೊಂದು ಚೂರೂ ಬಿಸಿಲಿಗೆ ಹೊಳೆದು ನಕ್ಷತ್ರದಂತೆ ಕಂಡಿತು. ಸಾವಿರ ಸುಳ್ಳು ನಕ್ಷತ್ರಗಳ ನಡುವೆ ನಿಜದ್ದು ಯಾವುದು? ಹೇಳಲಾಗಲಿಲ್ಲ. ಕೊನೆಗೆ ಮೋಸ ಮಾಡಲಾರದ ಒಂದೇ ನಕ್ಷತ್ರವನ್ನು, ಸೂರ್ಯನನ್ನು, ನಂಬಿ ದಿಕ್ಕನ್ನು ಸರಿನೋಡಿಕೊಂಡರು.

ಇತ್ತ ಪ್ರಯಾಣಿಕರ ವಿಮಾನಗಳಲ್ಲಿ ನ್ಯಾವಿಗೇಟರನ ಕುರ್ಚಿ ಖಾಲಿಯಾಗುತ್ತ ಬಂದಿತು. ವಿಮಾನ ತಾನೆಷ್ಟು ಚಲಿಸಿದೆನೆಂದು ತಾನೇ ಲೆಕ್ಕವಿಡುವ ಯಂತ್ರಗಳು ಬಂದುವು. ಮೊದಮೊದಲ ಬೋಯಿಂಗ್ ೭೪೭ ವಿಮಾನಗಳ ಚಾವಣಿಯಲ್ಲಿ ಸೆಕ್ಸ್ಟೆಂಟಿಗಾಗಿ ಒಂದು ಕಿಂಡಿಯಿರುತ್ತಿತ್ತು. ಮುಂದೆ ಅದೂ ಹೋಯಿತು. ವಿಚಿತ್ರವೆಂದರೆ, ಸಿಮ್ಯುಲೇಟರಿನ ಕಿಟಕಿಗೆ ಕಂಪ್ಯೂಟರ್ ಮೊತ್ತಮೊದಲು ಬರೆದುಕೊಟ್ಟ ನೋಟಗಳಲ್ಲಿ ಇರುಳಿನ ನೋಟಕ್ಕೇ ಪ್ರಾಶಸ್ತ್ಯ. ೧೯೭೦ರ ದಶಕದ ಆರಂಭದಲ್ಲಿ ವಿಮಾನ ಕಂಪೆನಿಗಳು ಕೊಂಡ ಸಾಧನಗಳು ರಾತ್ರಿಯನ್ನು ಮಾತ್ರ ತೋರಿಸಬಲ್ಲವಾಗಿದ್ದುವು. ಹಗಲನ್ನು ಬರೆಯಲು ಮರ, ಮನೆ, ಹೊಲ ಎಲ್ಲ ಬೇಕು. ಇರುಳಿಗೆ ಕಪ್ಪು ಪರದೆ, ಒಂದಿಷ್ಟು ಬೆಳಕಿನ ಬಿಂದು ಸಾಕು. ಇರುಳು ಅಗ್ಗ. ಆದರೆ ಆ ಬಿಂದುಗಳ ಕೆಲಸ ರನ್‌ವೇಯ ದೀಪಗಳಾಗುವುದು. ಆಕಾಶದ ಕಡೆ ನೋಡುವ ಗರಜು ಕಂಪೆನಿಗಳಿಗೆ ಉಳಿದಿರಲಿಲ್ಲ.

ಆದರೆ ಗರಜು ನಿಜವಾಗಿ ಮುಗಿದಿತ್ತೆ? ನಾನು ಒಪ್ಪಲಾರೆ. ೧೯೬೦ರ ದಶಕದ ಕೊನೆಯಲ್ಲಿ ಬೋಯಿಂಗ್ ಕಂಪೆನಿಯ ಮನಶ್ಶಾಸ್ತ್ರಜ್ಞ ಕಾನ್ರಾಡ್ ಕ್ರಾಫ್ಟ್, ಇಳಿಜಾರಿನ ಮೇಲೆ ದೀಪಗಳ ಒಂದು ಮಾದರಿ ಊರನ್ನು ಕಟ್ಟಿ, ನುರಿತ ವಿಮಾನ ಚಾಲಕರನ್ನು ಸಿಮ್ಯುಲೇಟರಿನಲ್ಲಿ ಅದರ ಕಡೆಗೆ ಇಳಿಯಲು ಬಿಟ್ಟ. ಎತ್ತರದ ಮುಳ್ಳನ್ನು ನೋಡದೆ, ಮುಂದಿನ ಕತ್ತಲನ್ನೂ ಆಚೆಯ ದೀಪಗಳನ್ನೂ ಮಾತ್ರ ನೆಚ್ಚಿದವರು ಇರಬೇಕಾದ್ದಕ್ಕಿಂತ ಬಹಳ ಕೆಳಗೆ ಬಂದರು. ನಿಜವಾಗಿದ್ದರೆ ಕೆಲವರು ನೆಲಕ್ಕೆ ಬಡಿಯುತ್ತಿದ್ದರು. ಇರುಳು ಎಂಬುದು ಹಗಲಿನಿಂದ ಬೆಳಕನ್ನು ಕಳೆದರೆ ಉಳಿಯುವ ಶೇಷವಲ್ಲ. ಅದಕ್ಕೆ ಅದರದೇ ಮೋಸಗಳಿವೆ. ಕತ್ತಲ ಸಮುದ್ರದ ಮೇಲಿನ ಮೀನುದೋಣಿಯ ದೀಪ ನಕ್ಷತ್ರವೆನಿಸುತ್ತದೆ, ದಿಗಂತವೇ ಕೆಳಗೆ ಜಾರುತ್ತದೆ. ಒಂಟಿ ಚುಕ್ಕಿಯನ್ನು ಎವೆಯಿಕ್ಕದೆ ನೋಡಿದರೆ ಅದು ಚಲಿಸತೊಡಗಿದಂತೆ ಕಾಣುತ್ತದೆ. ೨೦೧೧ರ ಜನವರಿ ೧೪ರಂದು ಅಟ್ಲಾಂಟಿಕ್ ಸಾಗರದ ಮೇಲೆ, ಟೊರಾಂಟೊವಿನಿಂದ ಜ್ಯೂರಿಕ್ಕಿಗೆ ಹಾರುತ್ತಿದ್ದ ಬೋಯಿಂಗ್ ೭೬೭ ವಿಮಾನದಲ್ಲಿ, ಆಗತಾನೆ ನಿದ್ದೆಯಿಂದೆದ್ದ ಸಹಚಾಲಕ ಎದುರಿನ ಬೆಳಕೊಂದನ್ನು ಕಂಡು ವಿಮಾನವೆಂದುಕೊಂಡ. ಅದು ಶುಕ್ರಗ್ರಹ. ಬಳಿಕ ನಿಜವಾಗಿಯೂ ಎದುರಿನಿಂದ, ಕೆಳಗೆ ಸಾಕಷ್ಟು ಅಂತರದಲ್ಲಿ ಬರುತ್ತಿದ್ದ ವಿಮಾನವನ್ನು ಕಂಡಾಗ, ಡಿಕ್ಕಿಯೇ ಆಗುವುದೆಂಬ ಗಾಬರಿಯಲ್ಲಿ ತನ್ನ ವಿಮಾನದ ಮೂತಿಯನ್ನು ಕೆಳಕ್ಕೆ ದೂಡಿದ. ಪಟ್ಟಿ ಕಟ್ಟಿಕೊಳ್ಳದೆ ಮಲಗಿದ್ದವರು ಚಾವಣಿಗೆ ಹಾರಿದರು. ಹದಿನಾರು ಮಂದಿಗೆ ಪೆಟ್ಟು. ಕುಳಿತು ಅಭ್ಯಾಸ ಮಾಡುವ ಯಂತ್ರದಲ್ಲಿ ಶುಕ್ರ ಇರಬೇಕೆ ಎಂದು ಯಾರಾದರೂ ಕೇಳಿದರೆ ನಾನು ಈ ಹದಿನಾರು ಮಂದಿಯನ್ನು ತೋರಿಸುತ್ತೇನೆ.

ಆಕಾಶವನ್ನು ಮತ್ತೆ ಸರಿಯಾಗಿ ಕಟ್ಟಿದವರಲ್ಲಿ ಮುಂದಾದವರು ಹವ್ಯಾಸಿಗಳು. ಬ್ರೂಸ್ ಆರ್ಟ್‌ವಿಕ್ ಎಂಬಾತ ೧೯೭೫ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಬರೆದ ಪ್ರೌಢಪ್ರಬಂಧದಿಂದ ಹುಟ್ಟಿದ ಮನೆಬಳಕೆಯ ಸಿಮ್ಯುಲೇಟರ್ ೧೯೮೦ರಲ್ಲಿ ಆ್ಯಪಲ್ ಕಂಪ್ಯೂಟರಿಗೂ ೧೯೮೨ರಲ್ಲಿ ಮೈಕ್ರೋಸಾಫ್ಟಿನ ಹೆಸರಿನಲ್ಲಿಯೂ ಬಂದಿತು. ಅಂದಿನ ಯಂತ್ರದ ಪುಟ್ಟ ನೆನಪಿನಲ್ಲಿ ನೆಲಕ್ಕೆ ಕೆಲವು ಗೆರೆ ಹಿಡಿದರೆ ಹೆಚ್ಚು. ೧೯೯೦ರ ದಶಕದ ಕೊನೆಗೆ, ಲೋಕದ ನಾನಾ ಕಡೆಯವರು ಸಂಬಳವಿಲ್ಲದೆ ಕೂಡಿ ಬರೆಯತೊಡಗಿದ ಫ್ಲೈಟ್‌ಗಿಯರ್ ಎಂಬ ಸಾಫ್ಟ್‌ವೇರಿನಲ್ಲಿ ಸೂರ್ಯ, ಚಂದ್ರ, ಗ್ರಹ, ನಕ್ಷತ್ರಗಳು ಆಯಾ ದಿನ, ಆಯಾ ಗಳಿಗೆ, ಆಯಾ ಊರಿಗೆ ತಕ್ಕಂತೆ ಕಾಣಬೇಕೆಂದು ಹಟ ಹಿಡಿದರು. ಲಂಡನ್ನಿನ ಮಾರ್ಟಿನ್ ಶ್ವೈಗರ್ ೨೦೦೦ದಲ್ಲಿ ಹೊರತಂದ ಆರ್ಬಿಟರ್ ಎಂಬ ಆಕಾಶಯಾನದ ಸಿಮ್ಯುಲೇಟರಿಗೆ ಆಧಾರವಾದದ್ದು ಯುರೋಪಿನ ಹಿಪಾರ್ಕಸ್ ಉಪಗ್ರಹ ಅಳೆದ ನಕ್ಷತ್ರಗಳ ಪಟ್ಟಿ. ೧೯೯೭ರಲ್ಲಿ ಪ್ರಕಟವಾದ ಅದರಲ್ಲಿ ೧,೧೮,೨೧೮ ನಮೂದುಗಳಿವೆ. ಬರಿಗಣ್ಣಿನ ಆಕಾಶಕ್ಕೆ ಅಷ್ಟೇನೂ ಬೇಡ. ಯೇಲ್ ವಿಶ್ವವಿದ್ಯಾನಿಲಯದ ಉಜ್ಜ್ವಲ ನಕ್ಷತ್ರಗಳ ಪಟ್ಟಿಯೇ ಸಾಕು. ಅದರಲ್ಲಿ ೯,೧೧೦ ನಮೂದು, ಅವುಗಳಲ್ಲಿ ಹದಿನಾಲ್ಕು ನಕ್ಷತ್ರಗಳೇ ಅಲ್ಲ. ೧೯೦೮ರ ಮೂಲ ಪಟ್ಟಿಯಲ್ಲಿ ತಪ್ಪಿ ಸೇರಿದವು. ತೆಗೆದರೆ ಉಳಿದವುಗಳ ಕ್ರಮಸಂಖ್ಯೆ ಕೆಡುವುದೆಂದು ಖಾಲಿ ಮನೆಗಳಾಗಿ ಹಾಗೆಯೇ ಬಿಟ್ಟಿದ್ದಾರೆ. ಕಾಲೇಜಿನ ಹಾಜರಿ ಪುಸ್ತಕ ಬರೆದವರಿಗೆ ಈ ಸಂಕಟ ಅರ್ಥವಾದೀತು.

ಈಗ ಗುಮ್ಮಟ ತಿರುಗಿಸಬೇಕಾಗಿಲ್ಲ, ಗುಂಡು ಕೂರಿಸಬೇಕಾಗಿಲ್ಲ. ಪಟ್ಟಿಯ ಒಂದೊಂದು ನಕ್ಷತ್ರದ ಸ್ಥಾನವನ್ನೂ ಗಡಿಯಾರಕ್ಕೂ ಅಕ್ಷಾಂಶ ರೇಖಾಂಶಕ್ಕೂ ಹೊಂದಿಸಿ ಸಾಫ್ಟ್‌ವೇರ್ ತಿರುಗಿಸುತ್ತದೆ. ಲೆಕ್ಕ ವೀಮ್ಸ್ ಮತ್ತು ಲಿಂಕ್ ಮಾಡಿದ್ದೇ. ಹಾಗೆಂದು ಎಲ್ಲರೂ ಮಾಡುವುದಿಲ್ಲ. ಆಕಾಶದ ಚಿತ್ರವೊಂದನ್ನು ಗೋಡೆಯ ಕಾಗದದಂತೆ ಅಂಟಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಬಿದಿಗೆಯ ಚಂದ್ರನ ಕತ್ತಲ ಭಾಗದ ನಡುವೆ ನಕ್ಷತ್ರ ಮಿನುಗಿಸುವವರಿದ್ದಾರೆ. ಮಹಾನಗರದ ದೀಪಗಳ ಮೇಲೆಯೇ ಆಕಾಶಗಂಗೆಯನ್ನು ಹಾಲಿನ ಹೊಳೆಯಂತೆ ಹರಿಸುವವರೂ ಇದ್ದಾರೆ. ಇದು ಅಂದವೇ ಹೊರತು ನಿಜವಲ್ಲ.

ಇಷ್ಟನ್ನು ಹುಡುಗನಿಗೆ ಹೇಳಿದ ಮೇಲೆ ಅವನಿಗೂ ಹುರುಪು ಬಂದಿತು. “ಹಾಗಿದ್ರೆ ಲಿಂಕ್ ಊರಿಗೇ ಹೋಗಿ ನೋಡೋಣ ಮಾಮ” ಎಂದು ಬಿಂಗ್‌ಹ್ಯಾಮ್ಟನ್ನಿನ ವಿಮಾನ ನಿಲ್ದಾಣಕ್ಕೆ ಕರೆದೊಯ್ದ. ಅದೇ ದಿನ, ಅಲ್ಲಿನ ರಾತ್ರಿ ಹತ್ತೂವರೆ. ವಿಮಾನ ನೆಲದ ಮೇಲೆ ನಿಂತಿದೆ, ಮುಖ ದಕ್ಷಿಣಕ್ಕೆ. ಲುಬ್ಧಕ ಬೆಂಗಳೂರಿನಲ್ಲಿ ಕಂಡದ್ದಕ್ಕಿಂತ ಬಹಳ ಕೆಳಗಿತ್ತು. ಅದರ ಅಡಿಯಲ್ಲಿ ಗುಡ್ಡದ ಕರಿಯ ಅಂಚು, ಮತ್ತೇನೂ ಇಲ್ಲ. ಹುಡುಗ ನೋಟವನ್ನು ಅತ್ತಿತ್ತ ತಿರುಗಿಸಿ ಹುಡುಕಿದ. “ಅಗಸ್ತ್ಯ ಇಲ್ವಲ್ಲ ಮಾಮ, ಸಾಫ್ಟ್‌ವೇರಲ್ಲೇ ಏನೋ ತಪ್ಪಿದೆ” ಎಂದ. ತಪ್ಪಿಲ್ಲ, ಆ ಊರಿಗೆ ಅಗಸ್ತ್ಯ ದಿಗಂತದಿಂದ ಹೆಚ್ಚು ಕಡಮೆ ಐದು ಅಂಶ ಕೆಳಗೇ ಉಳಿಯುತ್ತಾನೆ ಎಂದು ಹೇಳಿದೆ. ಲಿಂಕ್ ತನ್ನ ಊರಿನಲ್ಲಿ ನಿಂತು ಅವನನ್ನು ಎಂದೂ ಕಂಡಿರಲಾರ. ಹುಡುಗ ಸ್ವಲ್ಪ ಹೊತ್ತು ಆ ಖಾಲಿ ಜಾಗವನ್ನೇ ನೋಡಿದ.

ಆಮೇಲೆ ನಿಜವಾದದ್ದನ್ನು ನೋಡೋಣವೆಂದು ಇಬ್ಬರೂ ತಾರಸಿಗೆ ಹತ್ತಿದೆವು. ಲುಬ್ಧಕ ಕಂಡಿತು, ಮಂಕಾಗಿ. ಅದರ ಕೆಳಗೆ, ಅಗಸ್ತ್ಯ ಇರಬೇಕಾದ ಕಡೆಯಲ್ಲಿ, ಹದಿನಾಲ್ಕು ಅಂತಸ್ತಿನ ಹೊಸ ಕಟ್ಟಡವೊಂದು ಏಳುತ್ತಿತ್ತು. ಕ್ರೇನಿನ ತುದಿಯಲ್ಲಿ ಕೆಂಪು ದೀಪ ಉರಿಯುತ್ತಿತ್ತು. ಅಕ್ಕ ಕೆಳಗಿನಿಂದ, “ಮಂಜು ಬೀಳ್ತಿದೆ, ಕಿವಿಗೆ ಏನಾದ್ರೂ ಕಟ್ಕೊಳ್ರೋ” ಎಂದು ಕೂಗಿದಳು.